ಕಚ್ಚಿದ ರೂಪಾಯಿ, ಇಸವಿಯಿಲ್ಲದ ನಾಣ್ಯ: ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ?

ಪ್ರಶ್ನೆ: ಸರ್, ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ. ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜಿಯ ತಗಡಿನ ಡಬ್ಬಿ ಸಿಕ್ಕಿತು. ಅದರಲ್ಲಿದ್ದ ಕೆಲವು ನಾಣ್ಯ, ನಾನೇ ಚಿಲ್ಲರೆಯಲ್ಲಿ ಎತ್ತಿಟ್ಟ ಕೆಲವು ಸೇರಿಸಿ ಫೋಟೋ ಕಳಿಸಿದ್ದೇನೆ. ಒಂದು ಪಕ್ಕ ಕಚ್ಚಿ ತೆಗೆದಂತಿರುವ 1998ರ 1 ರೂಪಾಯಿ, ಇಸವಿಯೇ ಕಾಣದ 2 ರೂಪಾಯಿ, ನಡುವಿನ ಬಿಲ್ಲೆ ಇಲ್ಲದ 10 ರೂಪಾಯಿ, ತೂತಿರುವ ಎರಡು ಹಳೇ ಕಾಸು, ಉಲ್ಟಾ ಅಂಕಿ ಮೂಡಿದ 20 ಪೈಸೆ, ತಲೆಯ ಮೇಲ್ಗಡೆ ಗಂಟಿರುವ ವಿಕ್ಟೋರಿಯಾ ಬೆಳ್ಳಿ ರೂಪಾಯಿ. ಇವೆಲ್ಲ ‘ಎರರ್ ಕಾಯಿನ್’ (ಟಂಕಸಾಲೆಯಲ್ಲೇ ತಪ್ಪಾಗಿ ಮೂಡಿದ ನಾಣ್ಯ), ಲಕ್ಷಗಟ್ಟಲೆ ಬೆಲೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಒಬ್ಬರು ಫೋನ್ ಮಾಡಿ, ನಾವೇ ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದರು. ಯಾವುದು ನಿಜವಾದ ತಪ್ಪು, ಯಾವುದು ಆಮೇಲೆ ಹಾಳಾದದ್ದು ಅಂತ ತಿಳಿಯೋದು ಹೇಗೆ?

ಉತ್ತರ: ಮೊದಲು ಆ ಫೋನಿನ ವಿಷಯ ಮುಗಿಸೋಣ. ಒಂದು ರೂಪಾಯಿಯೂ ಕಟ್ಟಬೇಡಿ. ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ರಿಸರ್ವ್ ಬ್ಯಾಂಕಿನ ಹೆಸರು, ಲೋಗೋ ತೋರಿಸಿ ಹಳೇ ನೋಟು ನಾಣ್ಯಕ್ಕೆ ಶುಲ್ಕ, ಕಮಿಷನ್, ತೆರಿಗೆ ಅಂತ ವಸೂಲಿ ಮಾಡುವವರಿದ್ದಾರೆ ಎಂದು ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ತಾನು ಅಂಥ ವ್ಯವಹಾರ ಮಾಡುವುದಿಲ್ಲ, ಬೇರೆ ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದೂ ಹೇಳಿದೆ. ಆ ನಂಬರ್ ಬ್ಲಾಕ್ ಮಾಡಿ.

ಈಗ ನಾಣ್ಯಗಳು. ವಿಚಿತ್ರವಾದ ನಾಣ್ಯ ಯಾವುದೇ ಕೈಗೆ ಬರಲಿ, ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇಲ್ಲಿರಬೇಕಾದ ಲೋಹ ಎಲ್ಲಿಗೆ ಹೋಯಿತು? ಚಲಾವಣೆಗೆ ಬಂದ ಮೇಲೆ ನಾಣ್ಯಕ್ಕೆ ಪೆಟ್ಟು ಬಿದ್ದರೆ ಲೋಹ ಪಕ್ಕಕ್ಕೆ ಸರಿದು ಗುಡ್ಡೆಯಾಗಿರುತ್ತದೆ. ಇಲ್ಲವೇ ಕತ್ತರಿಸಿ, ಉಜ್ಜಿ, ಕರಗಿ ಹೋಗಿರುತ್ತದೆ. ಹೇಗೇ ಆದರೂ ಆ ಸರಿದದ್ದರ, ಹೋದದ್ದರ ಗುರುತು ಉಳಿಯುತ್ತದೆ. ಟಂಕಸಾಲೆಯ ತಪ್ಪಿನಲ್ಲಿ ಹಾಗಲ್ಲ. ಅಲ್ಲಿ ಲೋಹ ಮೊದಲಿನಿಂದಲೇ ಇರಲಿಲ್ಲ, ಅಥವಾ ಇದ್ದರೂ ಅಚ್ಚು ಅದನ್ನು ಸರಿಯಾಗಿ ಒತ್ತಲಿಲ್ಲ. ಹಾಗಾಗಿ ಆ ತಪ್ಪಿನ ಮೇಲೇ ಅಚ್ಚಿನ ಒತ್ತಡದ ಗುರುತು ಇರುತ್ತದೆ. ‘ನೋಡೋಕೆ ವಿಚಿತ್ರವಾಗಿದೆ’ ಅನ್ನುವುದು ಪುರಾವೆಯಲ್ಲ. ಅದು ಯಾವ ಹಂತದಲ್ಲಿ, ಹೇಗೆ ಆಗಿರಬಹುದು ಅಂತ ಹೇಳಲು ಬರಬೇಕು.

ಅದಕ್ಕೆ ನಾಣ್ಯ ಹೇಗೆ ಆಗುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ನಮ್ಮ ದೇಶದ ನಾಲ್ಕು ಟಂಕಸಾಲೆಗಳು ಮುಂಬೈ, ಕೋಲ್ಕತ್ತಾ, ಹೈದರಾಬಾದ್ ಮತ್ತು ನೋಯ್ಡಾದಲ್ಲಿವೆ. ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕಾಯಿಸಿ ಮೆದು ಮಾಡಿ, ತೊಳೆಯುತ್ತಾರೆ. ಆಮೇಲೆ ಒಂದು ಯಂತ್ರದಲ್ಲಿ ಬಿಲ್ಲೆಯ ಅಂಚನ್ನು ಸುತ್ತಲೂ ಒತ್ತಿ ಎಬ್ಬಿಸುತ್ತಾರೆ. ಆ ಎದ್ದ ಅಂಚೇ ರಿಮ್. ಕೊನೆಗೆ ಬಿಲ್ಲೆ ಮೇಲಿನ ಅಚ್ಚು ಕೆಳಗಿನ ಅಚ್ಚುಗಳ ನಡುವೆ ಬಂದು ಕೂರುತ್ತದೆ. ಸುತ್ತಲೂ ಕಾಲರ್ ಅನ್ನುವ ಉಕ್ಕಿನ ಬಳೆ ಇರುತ್ತದೆ. ಅಚ್ಚು ಒತ್ತಿದಾಗ ಲೋಹ ಹರಡಿ ಆ ಬಳೆಗೆ ತಾಗಿ ನಿಲ್ಲುತ್ತದೆ. ನಾಣ್ಯದ ಅಗಲ ನಿಗದಿಯಾಗುವುದು ಅಲ್ಲಿ. ಎರಡೂ ಮುಖ ಮೂಡುವುದು ಒಂದೇ ಏಟಿಗೆ. ಇಷ್ಟು ತಲೆಯಲ್ಲಿಟ್ಟುಕೊಳ್ಳಿ, ಸಾಕು.

ನಿಮ್ಮ ಕಚ್ಚಿದ 1 ರೂಪಾಯಿ ಈ ಗುಂಪಿನಲ್ಲಿ ನನಗೆ ಆಸೆ ಹುಟ್ಟಿಸಿದ ನಾಣ್ಯ. ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಒತ್ತಿ ನಿಪ್ಪಟ್ಟು ತೆಗೆಯುವಾಗ, ಲೋಟ ಸ್ವಲ್ಪ ಸರಿದು ಮೊದಲೇ ತೆಗೆದ ತೂತಿನ ಮೇಲೆ ಕೂತರೆ ಏನಾಗುತ್ತದೆ? ಒಂದು ಪಕ್ಕ ಅರ್ಧಚಂದ್ರ ಕಚ್ಚಿದ ನಿಪ್ಪಟ್ಟು ಬರುತ್ತದೆ. ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಹೋಗದಿದ್ದರೆ ಅದೇ ಆಗುತ್ತದೆ. ಸಂಗ್ರಹಕಾರರು ಇದನ್ನು ಕ್ಲಿಪ್ ಅನ್ನುತ್ತಾರೆ. ತೊಂದರೆ ಏನೆಂದರೆ, ಅರ ಅಥವಾ ಗ್ರೈಂಡರ್ ಇರುವ ಯಾರು ಬೇಕಾದರೂ ಇಂಥದ್ದೊಂದು ಕಚ್ಚು ಮಾಡಬಹುದು.

ವ್ಯತ್ಯಾಸ ಹೀಗೆ ನೋಡಿ. ಅದೇ ಕಾಲದ, ಅದೇ ಅಗಲದ ಇನ್ನೊಂದು 1 ರೂಪಾಯಿಯನ್ನು ಕಚ್ಚಿದ ಜಾಗಕ್ಕೆ ಹೊಂದಿಸಿ. ನಿಜವಾದ ಕ್ಲಿಪ್ ಆದರೆ ಅದರ ಬಾಗು ಹೆಚ್ಚುಕಡಿಮೆ ಆ ನಾಣ್ಯದ ಬಾಗಿಗೇ ಕೂರಬೇಕು. ಯಾಕೆಂದರೆ ಕಚ್ಚಿದ್ದು ಅದೇ ಅಳತೆಯ ಕತ್ತರಿ. ಗ್ರೈಂಡರಿನ ಕಚ್ಚು ಸಾಮಾನ್ಯವಾಗಿ ಹಾಗೆ ಕೂರುವುದಿಲ್ಲ. ಆಮೇಲೆ ಕಚ್ಚಿನ ನೇರ ಎದುರಿನ ರಿಮ್ ನೋಡಿ. ರಿಮ್ ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಸಿಗುವುದಿಲ್ಲ. ಆದ್ದರಿಂದ ಅಲ್ಲಿಯ ರಿಮ್ ತೆಳ್ಳಗೆ, ಮಸುಕಾಗಿ ಇರುತ್ತದೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎಂದು ಹೆಸರು. ಪ್ರತಿ ಕ್ಲಿಪ್‌ನಲ್ಲೂ ಇದು ಎದ್ದು ಕಾಣುವುದಿಲ್ಲ. ಆದರೆ ಕಂಡರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅರ ಹಿಡಿದು ಕೂತವನಿಗೆ ಎದುರಿನ ರಿಮ್ ಮೇಲೆ ಕೈಯಾಡಿಸಬೇಕು ಅಂತ ಹೊಳೆಯುವುದು ಕಡಿಮೆ, ಹೊಳೆದರೂ ಹೊಂದುವಂತೆ ಮಾಡುವುದು ಕಷ್ಟ. ನಿಮ್ಮ ಫೋಟೋದಲ್ಲಿ ಎದುರಿನ ರಿಮ್ ಸ್ವಲ್ಪ ಬಡವಾಗಿ ಕಾಣುತ್ತಿದೆ. ಬೆಳಕಿನ ಆಟವೂ ಇರಬಹುದು, ಆದ್ದರಿಂದ ಈಗಲೇ ಸಿಹಿ ಹಂಚಬೇಡಿ.

ಮೂರನೆಯದು ಕಚ್ಚಿನ ಪಕ್ಕದ ಅಕ್ಷರಗಳು. ಅಚ್ಚು ಬೀಳುವಾಗ ಅಲ್ಲಿ ಖಾಲಿ ಜಾಗ ಇದ್ದರೆ ಲೋಹ ಆ ಕಡೆ ಹರಿಯುತ್ತದೆ. ಹಾಗಾಗಿ ಕಚ್ಚಿನ ಹತ್ತಿರ ಅಕ್ಷರಗಳು ಎಳೆದಂತೆ, ಮಸುಕಾಗಿ, ಸೋತಂತೆ ಕಾಣುತ್ತವೆ. ನಾಣ್ಯ ಆದ ಮೇಲೆ ಕತ್ತರಿಸಿದ್ದರೆ ಅಕ್ಷರ ಕೊನೆಯವರೆಗೂ ಗಟ್ಟಿಯಾಗಿದ್ದು, ತಟ್ಟನೆ ಕಡಿದು ನಿಲ್ಲುತ್ತದೆ. ಕಚ್ಚಿನ ಒಳಗೋಡೆಯನ್ನೂ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿ. ಅರದ ಗೆರೆಗಳು ಒಂದೇ ದಿಕ್ಕಿಗೆ ಸಾಲಾಗಿ ಕಂಡರೆ ಅಲ್ಲಿಗೆ ಮುಗಿಯಿತು.

ಇಲ್ಲಿ ತೂಕವೂ ಬೇಕು. 1992ರಿಂದ 2004ರವರೆಗಿನ ಸ್ಟೀಲಿನ 1 ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. ಕ್ಲಿಪ್ ಆಗಿದ್ದರೆ ಹೋದ ತುಂಡಿನಷ್ಟು ತೂಕ ಕಡಿಮೆ ಬರಲೇಬೇಕು. ಪೂರ್ತಿ 4.85 ಬಂದರೆ ಯಾರೋ ಬಡಿದು ಒಳಗೆ ತಳ್ಳಿದ್ದಾರೆ, ಲೋಹ ಇನ್ನೂ ಅಲ್ಲೇ ಇದೆ ಎಂದರ್ಥ. ಅಕ್ಕಸಾಲಿಗರ ತಕ್ಕಡಿಯಲ್ಲೇ ತೂಗಿಸಿ. ಕರಿಮೆಣಸು ತೂಗುವ ತಕ್ಕಡಿಯಲ್ಲಿ ಇದೆಲ್ಲ ಗೊತ್ತಾಗಲ್ಲ.

ಇಸವಿ ಇಲ್ಲದ 2 ರೂಪಾಯಿಗೆ ಬರೋಣ. ಹನ್ನೊಂದು ಮೂಲೆಯ, ತಾಮ್ರ ನಿಕಲ್ ಮಿಶ್ರಣದ ಹಳೇ ನಾಣ್ಯ ಅದು. ಅಚ್ಚಿನ ಗುಳಿಯೊಳಗೆ ಗ್ರೀಸು, ಕಸ ತುಂಬಿಕೊಂಡರೆ ಆ ಜಾಗದ ಅಕ್ಷರ ಮೂಡುವುದಿಲ್ಲ. ಇಂಥ ನಾಣ್ಯ ನಿಜವಾಗಿಯೂ ಇವೆ, ಅಷ್ಟೇನೂ ಅಪರೂಪವಲ್ಲ. ಹಾಗೆ ಆದಾಗ ಅಂಕಿ ಇಲ್ಲದ ಜಾಗವೂ ಅಕ್ಕಪಕ್ಕದಷ್ಟೇ ನುಣ್ಣಗೆ, ಅಷ್ಟೇ ಮಟ್ಟದಲ್ಲಿ, ಅದೇ ಬಣ್ಣದಲ್ಲಿರುತ್ತದೆ. ಹೆಚ್ಚಿನ ಸಲ ಪಕ್ಕದ ಒಂದೆರಡು ಅಕ್ಷರವೂ ಮಸುಕಾಗಿರುತ್ತದೆ, ಯಾಕೆಂದರೆ ಗ್ರೀಸು ಬರೀ ಇಸವಿಯನ್ನೇ ಹುಡುಕಿಕೊಂಡು ಹೋಗುವುದಿಲ್ಲ ಅಲ್ವಾ. ಉಜ್ಜಿ ತೆಗೆದಿದ್ದರೆ ಆ ಜಾಗ ಒಂಚೂರು ತಗ್ಗಾಗಿ, ಬೇರೆ ಥರ ಹೊಳೆಯುತ್ತದೆ. ಟ್ಯೂಬ್‌ಲೈಟ್ ಕೆಳಗೆ ನಾಣ್ಯವನ್ನು ನಿಧಾನವಾಗಿ ವಾಲಿಸಿ ನೋಡಿ. ನಿಮ್ಮ ಫೋಟೋದಲ್ಲಿ ಓರೆಯಾದ ಸಣ್ಣ ಗೀರುಗಳು ಇಸವಿಯ ಜಾಗ ದಾಟಿ ರಿಮ್ ತನಕ ಹೋಗಿವೆ. ಇದು ಉಜ್ಜಿದ್ದು. ಕಲ್ಲಿನ ಮೇಲೆ ಎಳೆದಾಡಿದ್ದೋ, ಬೇಕಂತಲೇ ಮಾಡಿದ್ದೋ, ಬೆಲೆ ಮಾತ್ರ ಎರಡು ರೂಪಾಯಿಯೇ.

10 ರೂಪಾಯಿಯದು ದೊಡ್ಡ ಮೋಸದ ಬಾಬತ್ತು. ನಡುವಿನ ಬಿಲ್ಲೆ ಹೊರಗೆ ಬಂದ ಬಳೆಗಳನ್ನು ‘ಅಪರೂಪದ ತಪ್ಪು’ ಅಂತ ಸುಮ್ನೆ ಮಾರುತ್ತಾರೆ. ಹೊರಗಿನ ಬಳೆ, ಒಳಗಿನ ಬಿಲ್ಲೆ ಎರಡನ್ನೂ ಸೇರಿಸಿಟ್ಟು ಒಂದೇ ಏಟಿಗೆ ಅಚ್ಚು ಹಾಕುತ್ತಾರೆ. ಆ ಒತ್ತಡಕ್ಕೆ ಎರಡು ಲೋಹವೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಯಾರಾದರೂ ಹೊಡೆದು ಬಿಲ್ಲೆ ಬಿಡಿಸಿದರೆ, ಬಳೆಯ ಒಳಗೋಡೆಯಲ್ಲಿ ಆ ಹಿಡಿತದ ಗೀರು, ಮೆಟ್ಟಿಲು ಉಳಿದಿರುತ್ತದೆ. ತೂತು ಅಚ್ಚುಕಟ್ಟಾದ ದುಂಡಗೆ ಇರುತ್ತದೆ. ನಿಜವಾಗಿಯೂ ಬಿಲ್ಲೆ ಇಲ್ಲದೆ ಬರೀ ಬಳೆಗೆ ಅಚ್ಚು ಬಿದ್ದಿದ್ದರೆ ಕಥೆಯೇ ಬೇರೆ. ಒಳಗೆ ತಡೆಯುವವರಿಲ್ಲ, ಲೋಹ ತೂತಿನ ಕಡೆಗೆ ನುಗ್ಗುತ್ತದೆ. ತೂತು ಕಿರಿದಾಗಿ, ಬಾಯಿ ಅಂಕುಡೊಂಕಾಗಿ, ಪಕ್ಕದ ಅಕ್ಷರ ಹರಡಿಕೊಂಡಿರುತ್ತದೆ. ನಿಮ್ಮದರಲ್ಲಿ ತೂತು ಕಂಪಾಸಿನಲ್ಲಿ ಬರೆದಷ್ಟು ಸರಿಯಾಗಿದೆ, ಒಳಗಿನ ಮೆಟ್ಟಿಲೂ ಕಾಣುತ್ತಿದೆ. ಬಿಡಿಸಿದ್ದೇ.

10 ರೂಪಾಯಿ ಮಾತು ಬಂತು ಅಂತ ಇನ್ನೊಂದು. ಹಿಂಬದಿಯಲ್ಲಿ ಕೆಲವಕ್ಕೆ 10 ಗೆರೆ, ಕೆಲವಕ್ಕೆ 15 ಗೆರೆ ಇರುತ್ತದೆ. ಒಂದು ಖೋಟಾ, ಇನ್ನೊಂದು ತಪ್ಪು ಅಂತ ನಮ್ಮ ಅಂಗಡಿಗಳಲ್ಲೂ ವಾದ ನಡೆಯುತ್ತದೆ. ಎರಡೂ ಸರಿ. 15 ಗೆರೆಯದು ರೂಪಾಯಿ ಚಿಹ್ನೆ ಬರುವ ಮೊದಲಿನದು, 10 ಗೆರೆಯದು ಬಂದ ಮೇಲಿನದು, ಅಷ್ಟೇ ವ್ಯತ್ಯಾಸ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 14 ವಿನ್ಯಾಸದ 10 ರೂಪಾಯಿ ನಾಣ್ಯಗಳಿವೆ, ಎಲ್ಲವೂ ನಡೆಯುತ್ತವೆ ಎಂದು ಹೇಳಿದೆ.

ತೂತಿನ ಕಾಸು ಎರಡಿವೆ. ಚಿಕ್ಕದು, ನಡುವೆ ದೊಡ್ಡ ದುಂಡು ತೂತಿರುವುದು, 1943ರಿಂದ 1947ರವರೆಗೆ ಬಂದ ಒಂದು ಪೈಸೆ. ಯುದ್ಧದ ಕಾಲದಲ್ಲಿ ಲೋಹ ಉಳಿಸಲು ಟಂಕಸಾಲೆಯವರೇ ತೂತಿಟ್ಟು ಮಾಡಿದ್ದು. ಹಳಬರು ತೂತು ಕಾಸು ಅಂತಲೇ ಕರೆಯುತ್ತಿದ್ದರು. ತೂತಿನ ಸುತ್ತಲೂ ವಿನ್ಯಾಸ ಹೊಂದಿಕೊಂಡು ಕೂತಿದೆ ನೋಡಿ. ತೂತು ಒಂದು ಕಡೆಗೆ ಸರಿದು ವಿನ್ಯಾಸವನ್ನು ನುಂಗಿದ್ದರೆ, ಅಥವಾ ತೂತೇ ಇಲ್ಲದಿದ್ದರೆ, ಆಗ ನನಗೆ ಬರೆಯಿರಿ.

ದೊಡ್ಡದು ವಿಕ್ಟೋರಿಯಾ ಕಾಲದ ತಾಮ್ರದ ಕಾಲಾಣೆ. ಅದರ ತೂತು ರಿಮ್ ಪಕ್ಕದಲ್ಲಿದೆ. ಹಿಂದೆ ತಿರುಗಿಸಿ ಬೆರಳಾಡಿಸಿ, ತೂತಿನ ಸುತ್ತ ಲೋಹ ಹೊರಗೆ ಎದ್ದು ಚುಚ್ಚುತ್ತದೆ. ಮುಂದಿನ ಮುಖದ ಅಕ್ಷರ ತೂತಿನೊಳಕ್ಕೆ ಬಾಗಿದೆ. ಮೊಳೆ ಹೊಡೆದು ಮಾಡಿದ ತೂತು ಅದು. ಮಗುವಿನ ಉಡುದಾರಕ್ಕೆ ಕಟ್ಟಿದ್ದಿರಬಹುದು. ನಮ್ಮ ಹಿರಿಯರ ಮನೆಗಳಲ್ಲಿ ಇಂಥವು ಎಷ್ಟೋ ಸಿಗುತ್ತವೆ. ಎರರ್ ಅಲ್ಲ, ಹಾಗಂತ ಬಿಸಾಡಬೇಡಿ. ಅದು ಯಾರ ಸೊಂಟದಲ್ಲಿತ್ತು ಅಂತ ಮನೆಯ ದೊಡ್ಡವರನ್ನು ಕೇಳಿ ಬರೆದಿಡಿ. ‘ವಿಕ್ಟೋರಿಯಾ ಕ್ವೀನ್’ ಅಂತ ಇದ್ದರೆ 1876ರವರೆಗಿನದು, ‘ಎಂಪ್ರೆಸ್’ ಅಂತ ಇದ್ದರೆ 1877ರಿಂದ ಈಚಿನದು.

ಉಲ್ಟಾ ಅಂಕಿಯ 20 ಪೈಸೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದೇ ಎಲ್ಲರನ್ನೂ ಮರುಳು ಮಾಡುವುದು. ನಿಜವಾದ ತಪ್ಪು ಒಂದಿದೆ, ಬ್ರಾಕೇಜ್ ಅಂತ. ಅಚ್ಚು ಒತ್ತಿದ ನಾಣ್ಯ ಕೆಳಗೆ ಬೀಳದೆ ಒಂದು ಅಚ್ಚಿಗೇ ಅಂಟಿಕೊಂಡಿತು ಅಂದುಕೊಳ್ಳಿ. ಮುಂದಿನ ಬಿಲ್ಲೆ ಬಂದು ಕೂತಾಗ ಅದಕ್ಕೆ ಒಂದು ಕಡೆ ಅಚ್ಚು ತಾಗುತ್ತದೆ, ಇನ್ನೊಂದು ಕಡೆ ಅಂಟಿಕೊಂಡ ನಾಣ್ಯ ತಾಗುತ್ತದೆ. ಹಾಗಾಗಿ ಒಂದು ಮುಖದಲ್ಲಿ ಸಿಂಹ ಎದ್ದು ಮೂಡಿದರೆ, ಇನ್ನೊಂದು ಮುಖದಲ್ಲಿ ಅದೇ ಸಿಂಹ ತಗ್ಗಾಗಿ, ಎಡಬಲ ತಿರುಗಿ ಮೂಡುತ್ತದೆ. ಆ ಮುಖದಲ್ಲಿ ಇರಬೇಕಾಗಿದ್ದ ವಿನ್ಯಾಸ ಇರುವುದೇ ಇಲ್ಲ, ಅಚ್ಚು ಅಲ್ಲಿಗೆ ತಲುಪಲೇ ಇಲ್ಲವಲ್ಲ. ಇದನ್ನು ಮರೆಯಬೇಡಿ.

ನಿಮ್ಮ ನಾಣ್ಯದಲ್ಲಿ ‘20’ ತನ್ನ ಜಾಗದಲ್ಲೇ ಎದ್ದು ಇದೆ. ಅದರ ಮೇಲೇ ಇನ್ನೊಂದು ‘20’ ಉಲ್ಟಾ, ತಗ್ಗಾಗಿ, ಓರೆಯಾಗಿ ಕೂತಿದೆ. ಎದ್ದ ಭಾಗಗಳೆಲ್ಲ ಚಪ್ಪಟೆಯಾಗಿವೆ. ಎರಡು ನಾಣ್ಯವನ್ನು ಮುಖಕ್ಕೆ ಮುಖ ಇಟ್ಟು ಬೆಂಚ್ ವೈಸ್‌ನಲ್ಲಿ (ಗ್ಯಾರೇಜಿನ ಬಿಗಿಯುವ ಇಕ್ಕಳ) ಬಿಗಿದರೆ ಅಥವಾ ಸುತ್ತಿಗೆಯಲ್ಲಿ ಹೊಡೆದರೆ ಬರುವುದು ಇದೇ. ಆರು ಮೂಲೆಯ ಆ 20 ಪೈಸೆ ಅಲ್ಯೂಮಿನಿಯಂ, ತುಂಬಾ ಮೆದು. ಇದಕ್ಕೆ ಗ್ಯಾರೇಜೂ ಬೇಡ. ಹಿಂಬದಿಯನ್ನೂ ನೋಡಿ, ವೈಸಿನ ದವಡೆಯ ಗೆರೆಯೋ ಚಪ್ಪಟೆಯಾದ ಹೊಳಪೋ ಇದ್ದೇ ಇರುತ್ತದೆ. ಒಂದು ಮುಖಕ್ಕೆ ಏಟು ಬಿದ್ದಾಗ ಇನ್ನೊಂದು ಮುಖ ಎಲ್ಲಿ ಒರಗಿತ್ತು ಅನ್ನುವುದನ್ನೂ ಅದೇ ಹೇಳುತ್ತದೆ.

ವಿಕ್ಟೋರಿಯಾ ರೂಪಾಯಿ ನೋಡಿ ನಿಮ್ಮ ಮನೆಯ ಹೆಂಗಸರು ನಕ್ಕಿರಬೇಕು. ತಲೆಯ ನೇರ ಮೇಲೆ, ರಿಮ್ ಮೇಲೆ ಇರುವ ಆ ಗಂಟು ಬೆಸುಗೆ. ಅಲ್ಲೊಂದು ಕೊಂಡಿ ಇತ್ತು. ಕೊಡವ ಹೆಂಗಸರ ಪತ್ತಾಕ್ ಸರದಲ್ಲಿ ನಾಗರ ಹೆಡೆಯ ಕೆಳಗೆ ಪವನ್, ಅಂದರೆ ಚಿನ್ನದ ನಾಣ್ಯ, ತೂಗಾಡುವುದನ್ನು ನೀವೂ ಮದುವೆಗಳಲ್ಲಿ ನೋಡಿರುತ್ತೀರಿ. ಚಿನ್ನ ಕೈಗೆಟುಕದವರು ಬೆಳ್ಳಿ ರೂಪಾಯಿಗೂ ಕೊಂಡಿ ಹಾಕಿಸಿ ಸರ ಮಾಡಿಕೊಂಡಿದ್ದುಂಟು. ಆಮೇಲೆ ಯಾವಾಗಲೋ ಕೊಂಡಿ ಕಿತ್ತಿದೆ ಅಥವಾ ಕೀಳಿಸಿದ್ದಾರೆ. ಬೆಸುಗೆ ಹಾಕಿದ ಕಡೆ ಬದಿಯ ಹಲ್ಲುಗಳು ಮುಚ್ಚಿಹೋಗಿರುತ್ತವೆ. ಬೆಳ್ಳಿಯ ಬಣ್ಣ ಅಲ್ಲಿ ಮಾತ್ರ ಬೇರೆ ಇರುತ್ತದೆ. ಅಕ್ಕಸಾಲಿಗರ ಪಾಲಿಶ್‌ಗೆ ರಾಣಿಯ ಕೂದಲಿನ ಗೆರೆಗಳೂ ಸವೆದಿರುತ್ತವೆ.

ಈ ರೂಪಾಯಿ 11.66 ಗ್ರಾಂ, ನೂರಕ್ಕೆ 91.7ರಷ್ಟು ಬೆಳ್ಳಿ. ಬೆಸುಗೆ ಸೇರಿ ಒಂಚೂರು ಹೆಚ್ಚೇ ತೂಗಬಹುದು. ಸಂಗ್ರಹಕಾರರು ಬೆಸುಗೆ ಬಿದ್ದ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡಲು ಮನಸ್ಸು ಮಾಡುವುದಿಲ್ಲ. ನನ್ನನ್ನು ಕೇಳಿದರೆ, ಮತ್ತೆ ಕೊಂಡಿ ಹಾಕಿಸಿ ಮನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಆ ಗಂಟನ್ನು ಅರ ಹಾಕಿ ತೆಗೆಸಲು ಹೋಗಬೇಡಿ, ಅದರಿಂದ ಇನ್ನೊಂದು ಗಾಯ ಆಗುತ್ತದೆ. ಹಳೇ ಬೆಳ್ಳಿ ರೂಪಾಯಿಗಳ ಮೇಲೆ ಸಣ್ಣ ಸಣ್ಣ ಮುದ್ರೆಯ ಚುಕ್ಕಿ ಕಂಡರೂ ಗಾಬರಿ ಬೇಡ. ಬೆಳ್ಳಿ ಅಸಲಿಯೇ ಅಂತ ಪರೀಕ್ಷೆ ಮಾಡಿದ ಶರಾಫರ ಗುರುತು ಅದು. ಟಂಕಸಾಲೆಯ ತಪ್ಪಲ್ಲ, ನಾಣ್ಯ ಕೈಯಿಂದ ಕೈಗೆ ಹೋದ ಲೆಕ್ಕ.

ಇನ್ನು ನಮ್ಮ ಕೊಡಗಿನದೇ ಕೆಲವು ಗಾಯಗಳಿವೆ. ಬೇರೆ ಊರಿನ ವಿಡಿಯೋದವರಿಗೆ ಇವು ಗೊತ್ತಿರುವುದಿಲ್ಲ.

ತೋಟದಲ್ಲಿ ಗುಂಡಿ ತೆಗೆಯುವಾಗ ಸಿಕ್ಕಿದ ನಾಣ್ಯಕ್ಕೆ ನೇರ ಕಚ್ಚು ಇದ್ದರೆ, ಮೊದಲು ಗುದ್ದಲಿಯನ್ನು ಅನುಮಾನಿಸಿ. ಪಟ್ಟಿಯ ತುದಿಯಲ್ಲಿ ಕತ್ತರಿಸಿದ ಬಿಲ್ಲೆಗೂ ನೇರ ಕಚ್ಚು ಬರುತ್ತದೆ, ಅದು ನಿಜವಾದ ತಪ್ಪು. ಆದರೆ ಗುದ್ದಲಿಯ ಕಚ್ಚಿನಲ್ಲಿ ಒಂದು ಕಡೆಯ ಲೋಹ ಕೆಳಕ್ಕೆ ಬಾಗಿರುತ್ತದೆ, ಕಡಿದ ಜಾಗದ ಬಣ್ಣ ನಾಣ್ಯದ ಉಳಿದ ಬಣ್ಣಕ್ಕಿಂತ ಹೊಸದಾಗಿರುತ್ತದೆ. ಕಳೆ ಕತ್ತರಿಸುವ ಮೆಷಿನ್ನಿನ ಬ್ಲೇಡು ತಾಗಿದರೆ ಉದ್ದನೆಯ ಓರೆ ಗೀರು, ಅದರ ಕೊನೆಯಲ್ಲಿ ಲೋಹದ ಗುಡ್ಡೆ.

ಮಣ್ಣಿನ ಹುಳಿ ಇನ್ನೊಂದು. ನಮ್ಮ ಮಣ್ಣು ಹುಳಿ ಅಂತಲೇ ಕಾಫಿ ತೋಟಕ್ಕೆ ಸುಣ್ಣ ಹಾಕುವುದು, ಅಲ್ವಾ? ಅದರಲ್ಲಿ ವರ್ಷಗಟ್ಟಲೆ ಮಳೆ ನೆನೆದು ಬಿದ್ದಿದ್ದ ತಾಮ್ರ, ಅಲ್ಯೂಮಿನಿಯಂ ನಾಣ್ಯ ತೆಳ್ಳಗಾಗುತ್ತದೆ. ಅದನ್ನು ‘ತೆಳು ಬಿಲ್ಲೆಯ ಎರರ್’ ಅಂತ ಮಾರುವವರಿದ್ದಾರೆ. ಇದಕ್ಕೆ ಅಗಲ ಅಳೆಯುವುದು ಸುಲಭದ ಪರೀಕ್ಷೆ. ನಿಜವಾಗಿಯೂ ತೆಳು ಬಿಲ್ಲೆಗೆ ಅಚ್ಚು ಬಿದ್ದಿದ್ದರೆ ಕಾಲರ್ ಇರುವುದರಿಂದ ಅಗಲ ಸರಿಯಾಗಿಯೇ ಇರುತ್ತದೆ, ಮೈ ನುಣ್ಣಗಿರುತ್ತದೆ. ತೂಕ ಮಾತ್ರ ಕಡಿಮೆ. ಹುಳಿ ತಿಂದದ್ದು ಅಗಲದಲ್ಲೂ ಕುಗ್ಗಿರುತ್ತದೆ, ಮೈ ಒರಟಾಗಿ ಸಣ್ಣ ಗುಳಿ ಬಿದ್ದಿರುತ್ತದೆ, ಅಂಚು ಚೂಪಾಗಿರುತ್ತದೆ. ಹೊಳೆಯ ಮರಳಿನಲ್ಲಿ ಸಿಕ್ಕಿದ ಕಾಣಿಕೆ ನಾಣ್ಯಗಳದ್ದೂ ಇಂಥದೇ ಪಾಡು. ಅಲ್ಲಿ ಉಜ್ಜಿದ್ದು ಮರಳು, ಹಾಗಾಗಿ ಎರಡೂ ಮುಖ ಒಂದೇ ಸಮ ಸವೆದಿರುತ್ತದೆ.

ನಮ್ಮ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ತಾಮ್ರದ ಕಾಸು ಕಪ್ಪಾಗಿದೆ ಅಂತ ಕಾಚಂಪುಳಿಯಲ್ಲೋ ಹುಣಸೆಹುಳಿಯಲ್ಲೋ ನೆನೆಸಿ ಉಜ್ಜುತ್ತಾರೆ. ನಾಣ್ಯ ಹಸಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಳೆಯ ಪದರ ಹೋದರೆ ವಾಪಸ್ ಬರುವುದಿಲ್ಲ, ಬೆಲೆಯೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಗೀರು ಹಳೆಯದೋ ಹೊಸದೋ ಅಂತ ಹೇಳುವ ಸಾಕ್ಷಿಯೂ ಅದರ ಜೊತೆ ತೊಳೆದು ಹೋಗುತ್ತದೆ. ಪಂದಿ ಕರಿಗೆ ಹಾಕಿ, ನಾಣ್ಯಕ್ಕೆ ಬೇಡ.

ನೀವು ಕೇಳದ ಕೆಲವು ಮಾತು ಬೇಗ ಹೇಳಿಬಿಡುತ್ತೇನೆ, ವಿಡಿಯೋ ನೋಡುವವರಿಗೆ ಮುಂದೆ ಬೇಕಾಗುತ್ತದೆ. ನಾಣ್ಯದ ಮೇಲೆ ಎದ್ದು ನಿಂತ ಸಣ್ಣ ಗೆರೆ ಇದ್ದರೆ ಅದು ಸಾಮಾನ್ಯವಾಗಿ ಅಚ್ಚಿನ ಬಿರುಕು. ಅಚ್ಚು ಸೀಳಿದ ಕಡೆ ಲೋಹ ತುಂಬಿಕೊಂಡಿರುತ್ತದೆ. ತಗ್ಗಾದ ಗೆರೆ ಹೆಚ್ಚಾಗಿ ಗೀರು. ಬಿರುಕಿನ ಗೆರೆ ಅಸಲಿ ಆದರೂ ಚಿಕ್ಕದಾದರೆ ಯಾರೂ ದೊಡ್ಡ ಬೆಲೆ ಕೊಡುವುದಿಲ್ಲ. ಅಕ್ಷರ ಎರಡೆರಡು ಕಂಡರೆ ಹಾರಿ ಬೀಳಬೇಡಿ. ಎರಡನೆಯ ನೆರಳು ಚಪ್ಪಟೆ ಮೆಟ್ಟಿಲಿನ ಹಾಗಿದ್ದು ಅಕ್ಷರ ಸಣ್ಣಗಾಗಿದ್ದರೆ, ಒತ್ತುವಾಗ ಅಚ್ಚು ಅಲುಗಿದೆ ಅಷ್ಟೇ, ಅದಕ್ಕೆ ಬೆಲೆಯಿಲ್ಲ. ಅಚ್ಚು ಮಾಡುವಾಗಲೇ ಅದರಲ್ಲಿ ಅಕ್ಷರ ಎರಡು ಸಲ ಮೂಡಿದ್ದು ಬೇರೆ. ಅಲ್ಲಿ ಅಕ್ಷರ ದಪ್ಪಗಿದ್ದು, ತುದಿಗಳು ಸೀಳಿದಂತೆ ಕಾಣುತ್ತವೆ. ಅಮೆರಿಕದ 1955ರ ಒಂದು ಸೆಂಟ್ ಪ್ರಸಿದ್ಧವಾದದ್ದು ಈ ಕಾರಣಕ್ಕೆ.

ಎರಡೂ ಕಡೆ ಸಿಂಹ ಇರುವ ನಾಣ್ಯ ಸಿಕ್ಕರೆ ರಿಮ್ ಒಳಗಡೆ ಸುತ್ತಲೂ ಕೂದಲೆಳೆಯ ಜೋಡಣೆ ಗೆರೆ ಹುಡುಕಿ. ಎರಡು ನಾಣ್ಯ ಕೊರೆದು ಕೂಡಿಸಿದ ಜಾದೂ ಸಾಮಾನು ಅದು, ಟಣ್ ಅಂತ ಸದ್ದೂ ಬರುವುದಿಲ್ಲ. ಬಂಗಾರದ ಬಣ್ಣದ 1 ರೂಪಾಯಿ ತಂದರೆ ಆಯಸ್ಕಾಂತ ಹಿಡಿಯಿರಿ. ಸ್ಟೀಲಿನ ನಾಣ್ಯ ಅಂಟುತ್ತದೆ. ಅಂಟಿದರೆ, ತೂಕವೂ ಸರಿ ಇದ್ದರೆ, ಮೇಲೆ ಬರೀ ಲೇಪ ಹಾಕಿಸಿದ್ದು. ರೈಲು ಹತ್ತಿಸಿ ಚಪ್ಪಟೆ ಮಾಡಿದ ನಾಣ್ಯವನ್ನು ‘ಅಗಲವಾದ ಎರರ್’ ಅಂತ ಒಬ್ಬರು ಇಲ್ಲಿಗೂ ತಂದಿದ್ದರು. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಮೈಸೂರು ಕಡೆಯಿಂದ ಬಂದಿರಬೇಕು. ಕಾಲರ್ ತಪ್ಪಿ ನಿಜವಾಗಿ ಅಗಲವಾದ ನಾಣ್ಯದಲ್ಲಿ ಅಕ್ಷರ ಪೂರ್ತಿ, ಸ್ಪಷ್ಟವಾಗಿ ಇರುತ್ತದೆ. ರೈಲು ಹತ್ತಿದ್ದರಲ್ಲಿ ಅಕ್ಷರವೇ ಹಿಗ್ಗಿ ಮಾಯವಾಗುತ್ತದೆ. ಬೇಕಂತಲೇ ಹೀಗೆಲ್ಲ ಮಾಡುವುದು ತಮಾಷೆಯೂ ಅಲ್ಲ. ನಾಣ್ಯ ಕರಗಿಸುವುದು, ನಾಶ ಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಶಿಕ್ಷಾರ್ಹ.

ವಿನ್ಯಾಸವನ್ನೇ ತಪ್ಪು ಎನ್ನುವುದೂ ಉಂಟು. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು. 1912ರಲ್ಲಿ ಆನೆಯನ್ನು ತಿದ್ದಿದರು. ಸಂಗ್ರಹಕ್ಕೆ ಚೆಂದದ ನಾಣ್ಯ, ಆದರೆ ಅದು ಟಂಕಸಾಲೆಯ ಎರರ್ ಅಲ್ಲ. ಇನ್ನು ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರೆದು ಹನುಮಂತನ ಅಥವಾ ರಾಮಸೀತೆಯರ ಚಿತ್ರ ಇರುವ ಬಿಲ್ಲೆಗಳು ನಾಣ್ಯವೇ ಅಲ್ಲ. ಆಮೇಲೆ ಮಾಡಿದ ಕಲ್ಪನೆಯ ಮಾಲು. ಇವನ್ನೇ ಅಕ್ಕಿ ಎಳೆಯುವ ನಾಣ್ಯ ಅಂತ ತೋರಿಸಿ ರೈಸ್ ಪುಲ್ಲಿಂಗ್ ದಂಧೆಯವರು ಮನೆ ಮುರಿಯುತ್ತಾರೆ. ಅಂಥವರು ಬಂದರೆ ಗೇಟಿನಾಚೆಯೇ ಮಾತು ಮುಗಿಸಿ.

ನಿಮ್ಮ ಡಬ್ಬಿಯಲ್ಲಿ ಮುಂದೆ ನೋಡಬೇಕಾದದ್ದು ಆ 1 ರೂಪಾಯಿ ಮಾತ್ರ. ಅದನ್ನು ತೊಳೆಯಬೇಡಿ, ಉಜ್ಜಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಮಳೆಗಾಲ ಹತ್ತಿರ ಬಂತು, ಒಣ ಕಾಗದದ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ. ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ ಅಕ್ಕಸಾಲಿಗರ ಹತ್ತಿರ ತೂಗಿಸಿ, ಗ್ರಾಂ ಆದಮೇಲೆ ಎರಡು ಅಂಕಿ ಬರುವ ತಕ್ಕಡಿ ಆಗಬೇಕು. ಆಮೇಲೆ ನಾಲ್ಕು ಫೋಟೋ ಬೇಕು: ಎರಡೂ ಮುಖ, ಕಚ್ಚಿನ ಒಳಗೋಡೆ, ಅದರ ನೇರ ಎದುರಿನ ರಿಮ್. ಫ್ಲ್ಯಾಷ್ ಹಾಕದೆ, ಬೆಳಗಿನ ಹೊತ್ತು ಕಿಟಕಿ ಪಕ್ಕ ಓರೆ ಬೆಳಕಿನಲ್ಲಿ ತೆಗೆಯಿರಿ. ಮಾಮೂಲಿ 1 ರೂಪಾಯಿ ಒಂದನ್ನು ಪಕ್ಕದಲ್ಲಿಟ್ಟರೆ ಇನ್ನೂ ಒಳ್ಳೆಯದು. ತೂಕದ ಅಂಕಿ ಜೊತೆಗೆ ಕಳಿಸಿ.